ಡ್ರಮ್ಮಿನ ನೀರು, ಕೆರೆಯ ಮೀನು

2024ರ ಜುಲೈ ತಿಂಗಳ ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆಯೊಬ್ಬರು ನಮ್ಮ ಮನೆಯ ಮೆಟ್ಟಿಲ ಕೆಳಗಿದ್ದ ನೀಲಿ ಡ್ರಮ್ಮಿನ ಮುಚ್ಚಳ ಸರಿಸಿ, ಮೊಬೈಲಿನ ಟಾರ್ಚ್ ಹಾಕಿ, "ಬನ್ನಿ ಮೇಡಂ, ನೀವೇ ನೋಡಿ" ಎಂದರು. ನೀರು ತಿಳಿಯಾಗಿತ್ತು. ಬೆಳಕು ಬಿದ್ದದ್ದೇ ತಡ, ಮೇಲ್ಗಡೆ ತೂಗುಬಿದ್ದಿದ್ದ ನೂರಾರು ಸಣ್ಣ ಹುಳಗಳು ಕೊಂಕುತ್ತಾ ತಳಕ್ಕಿಳಿದವು. ಆ ಡ್ರಮ್ ನನ್ನದು. ಆ ವರ್ಷದ ಬೇಸಿಗೆಯಲ್ಲಿ ಗೋವಿಂದರಾಜನಗರದ ನಮ್ಮ ಬೀದಿಯ ಬೋರ್‌ವೆಲ್ ಕೈಕೊಟ್ಟಿತ್ತು, ನಲ್ಲಿ ನೀರು ಯಾವಾಗ ಬರುತ್ತದೆಂದು ಹೇಳುವಂತಿರಲಿಲ್ಲ. ಎಲ್ಲರಂತೆ ನಾನೂ ಒಂದು ಡ್ರಮ್ ತಂದಿಟ್ಟೆ. ಮಳೆ ಬಂದ ಮೇಲೆ ಅದನ್ನು ಮರೆತೆ.

ಕೆಳಗಿನ ಮನೆಯಲ್ಲಿ ಮಾಲೀಕರು ಇರುತ್ತಾರೆ: ಅಜ್ಜಿ, ಮಗ, ಸೊಸೆ, ಮೂರನೇ ಕ್ಲಾಸು ಓದುವ ಮೊಮ್ಮಗಳು ಪುಟ್ಟಿ. ಆ ಬೆಳಿಗ್ಗೆ ಪುಟ್ಟಿ ಆಸ್ಪತ್ರೆಯಲ್ಲಿದ್ದಳು. ಡೆಂಗಿ ಎಂದು ಗೊತ್ತಾಗಿ ನಾಲ್ಕು ದಿನವಾಗಿತ್ತು, ಪ್ಲೇಟ್‌ಲೆಟ್ ಎಷ್ಟಿದೆ ಎಂಬುದೊಂದೇ ಮನೆಯಲ್ಲಿ ಮಾತು. ಅವಳಿಗೆ ಕಚ್ಚಿದ ಸೊಳ್ಳೆ ನನ್ನ ಡ್ರಮ್ಮಿನದೇ ಎಂದು ಯಾರೂ ಹೇಳಲಾರರು. ಆ ಬೀದಿಯಲ್ಲಿ ಅಂಥ ಡ್ರಮ್‌ಗಳು ಮನೆಗೊಂದು. ಅಜ್ಜಿಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಹಳೇ ಮೈಸೂರು ಸೀಮೆಯ ಕೆರೆಗಳ ನಿರ್ವಹಣೆಯ ಚರಿತ್ರೆ ನನ್ನ ಪಿಎಚ್‌ಡಿ ವಿಷಯ. ತೂಬು, ಕೋಡಿ, ಹೂಳು, ನೀರುಗಂಟಿ ಎಂದು ನಾಲ್ಕು ವರ್ಷದಿಂದ ದಾಖಲೆಗಳನ್ನು ಹುಡುಕಿಕೊಂಡು ಓದುತ್ತಿದ್ದೇನೆ. ಕೆರೆ ಎಂದರೆ ನೀರಿನ ಲೆಕ್ಕ, ನೀರಿನ ಹಕ್ಕು, ನೀರಿನ ಜಗಳ ಎಂದೇ ನಾನು ತಿಳಿದಿದ್ದೆ. ನೀರಿನೊಳಗೆ ಯಾರಿದ್ದರು, ಅವರು ಅಲ್ಲಿ ಏನು ಮಾಡುತ್ತಿದ್ದರು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಡ್ರಮ್ಮನ್ನು ಚರಂಡಿಗೆ ಬಗ್ಗಿಸಿ ಬರುವಾಗ ಅಜ್ಜಿ ಬಾಗಿಲಲ್ಲಿ ಕೂತಿದ್ದವರು, "ನಮ್ ಬಾವಿಲಿ ಮೀನು ಬಿಟ್ಟಿದ್ವಿ ಕಣಮ್ಮ. ಈ ಹುಳ ಒಂದೂ ಉಳೀತಿರ್ಲಿಲ್ಲ" ಎಂದರು. ಈ ಬರಹ ಶುರುವಾದದ್ದು ಆ ಮಾತಿನಿಂದ.

ಡ್ರಮ್ಮಿನ ಕಥೆಗೆ ಬೆಂಗಳೂರಿನಲ್ಲಿ ಒಂದು ಹಳೆಯ ಪೂರ್ವಕಥೆ ಇದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ 26 ವರ್ಷದ ಸೇನಾ ವೈದ್ಯ ಇಲ್ಲಿನ ದಂಡಿಗೆ ಹಂಗಾಮಿ ಸರ್ಜನ್ ಆಗಿ ಬಂದ. ಸೊಳ್ಳೆಯೇ ಮಲೇರಿಯಾ ಹರಡುತ್ತದೆ ಎಂದು ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಕೊಂಡು, 1902ರಲ್ಲಿ ನೊಬೆಲ್ ಪಡೆದವನು ಇವನೇ. ಆದರೆ ಬೆಂಗಳೂರಿಗೆ ಬಂದಾಗ ಅವನಿಗೆ ಸೊಳ್ಳೆ ಬರೀ ಒಂದು ಕಾಟ. ತನ್ನ ಬಂಗಲೆಯಲ್ಲಿ ಬೇರೆಯವರ ಕೋಣೆಗಳಿಗಿಂತ ತನ್ನ ಕೋಣೆಯಲ್ಲೇ ಸೊಳ್ಳೆ ಜಾಸ್ತಿ ಎಂದು ಗಮನಿಸಿ ಹುಡುಕಿದರೆ, ಕಿಟಕಿಯ ಹೊರಗೆ ನೀರು ತುಂಬಿದ ಒಂದು ಪೀಪಾಯಿ, ಅದರ ತುಂಬ ಮರಿಹುಳ. ಪೀಪಾಯಿ ಬಗ್ಗಿಸಿದ, ಸೊಳ್ಳೆ ಕಡಿಮೆಯಾಯಿತು.

ಇದನ್ನು ರಾಸ್ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಜೊತೆಗೆ ಒಂದು ತಮಾಷೆಯನ್ನೂ ಹೇಳುತ್ತಾನೆ. ಮೆಸ್ಸಿನ ಹೂದಾನಿ, ಪಾತ್ರೆಗಳಲ್ಲೂ ಹೀಗೇ ಮರಿ ಆಗುತ್ತಿವೆ, ಅವನ್ನೂ ಬಗ್ಗಿಸಿಸಿ ಎಂದು ಅಲ್ಲಿನ ಅಧಿಕಾರಿಗೆ ಹೇಳಿದನಂತೆ. ಆ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳನ್ನೂ ಏನೋ ಒಂದು ಉದ್ದೇಶಕ್ಕೇ ಸೃಷ್ಟಿಸಿರಬೇಕು, ಅವನ್ನು ಇಲ್ಲವಾಗಿಸಿದರೆ ಪ್ರಕೃತಿಯ ವ್ಯವಸ್ಥೆ ಕೆಡುತ್ತದೆ, ಸಹಿಸಿಕೊಂಡಿರುವುದೇ ಸರಿ ಎಂಬುದು ಅವನ ವಾದ.

ಮೊದಲ ಸಲ ಓದಿದಾಗ ನಾನೂ ನಕ್ಕಿದ್ದೆ. ಜುಲೈ ಕಳೆದ ಮೇಲೆ ಮತ್ತೆ ಓದಿದಾಗ ಬೇರೆಯದೇ ಕಂಡಿತು. ಪೀಪಾಯಿಯ ವಿಷಯದಲ್ಲಿ ರಾಸ್ ಹೇಳಿದ್ದೇ ಸರಿ. ಪೀಪಾಯಿಯಲ್ಲಿ ಪ್ರಕೃತಿಯ ವ್ಯವಸ್ಥೆ ಎಂಬುದೇ ಇಲ್ಲ, ಅಲ್ಲಿ ಇರುವುದು ನೀರು ಮತ್ತು ಸೊಳ್ಳೆ ಎರಡೇ. ಆದರೆ ಅದೇ ಊರಿನ ಕೆರೆಗಳಲ್ಲಿ ಒಂದು ವ್ಯವಸ್ಥೆ ನಿಜಕ್ಕೂ ಇತ್ತು, ಸೊಳ್ಳೆಯನ್ನು ಹದ್ದಿನಲ್ಲಿ ಇಟ್ಟದ್ದೂ ಅದೇ. ಮುಂದಿನ ನೂರು ವರ್ಷ ನಾವು ಮಾಡಿದ್ದೇನೆಂದರೆ ಆ ಕೆರೆಗಳನ್ನು ಒಂದೊಂದಾಗಿ ಪೀಪಾಯಿಯನ್ನಾಗಿ ಮಾಡಿದ್ದು.

ಗೋವಿಂದರಾಜನಗರ, ವಿಜಯನಗರ, ರಾಜಾಜಿನಗರ, ಕೆಂಗೇರಿ ಎಂದು ನಾವು ಬೇರೆ ಬೇರೆ ಹೆಸರಿನಿಂದ ಕರೆಯುವ ಈ ಪಶ್ಚಿಮ ಬೆಂಗಳೂರಿನ ಬಹುಭಾಗ ನೀರಿನ ಲೆಕ್ಕದಲ್ಲಿ ಒಂದೇ ಕಣಿವೆ. ಅದು ವೃಷಭಾವತಿಯದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ನದಿ ಎಂಬ ನಂಬಿಕೆಯಿಂದ ಆ ಹೆಸರು. ಮಲ್ಲೇಶ್ವರದ ಕಡೆಯಿಂದ ಬರುವ ಇನ್ನೊಂದು ಕವಲೂ ಉಂಟು. ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ಗಾಳಿ ಆಂಜನೇಯನ ಗುಡಿಯನ್ನು ದಾಟಿ, ಕೆಂಗೇರಿಯ ಮೇಲೆ ಹಾದು, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ.

ಬಯಲುಸೀಮೆಯ ಇಂಥ ನದಿ ವರ್ಷವಿಡೀ ತುಂಬಿ ಹರಿಯುವಂಥದ್ದಲ್ಲ. ಅದಕ್ಕೇ ಕೆರೆಗಳು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಈ ದೊಡ್ಡ ಕಾಲುವೆಯೇ ರಾಜಕಾಲುವೆ. ಇಂದು ನಾವು ಮೂಗು ಮುಚ್ಚಿಕೊಂಡು ದಾಟುವ ಮೋರಿಯ ಹೆಸರು ಮೂಲದಲ್ಲಿ ಇಷ್ಟು ಗೌರವದ್ದು. ಕೆಂಪೇಗೌಡರ ಕಾಲದ ಕೆಂಪಾಂಬುಧಿ ಈ ಕಣಿವೆಯಲ್ಲಿ ಇಂದಿಗೂ ಉಳಿದಿದೆ. ಮಾರೇನಹಳ್ಳಿ ಕೆರೆ, ಕೇತಮಾರನಹಳ್ಳಿ ಕೆರೆ, ಕಾಮಾಕ್ಷಿಪಾಳ್ಯದ ಕೆರೆ ಇವೆಲ್ಲ ಈಗ ಬಡಾವಣೆ, ಆಟದ ಮೈದಾನ.

ದಾಖಲೆಗಳಲ್ಲಿ ಈ ಕಾಲುವೆಗಳು ನೀರಿನ ದಾರಿ ಎಂದಷ್ಟೇ ಬರುತ್ತವೆ. ಅವು ಮೀನಿನ ದಾರಿಯೂ ಹೌದು ಎಂದು ನನಗೆ ಹೇಳಿದವರು ಅಜ್ಜಿ. ಅವರ ತವರು ಬೈರಮಂಗಲದ ಹತ್ತಿರದ ಒಂದು ಹಳ್ಳಿ. ಕೆರೆ ಕಟ್ಟಿದ್ದು 1940ರ ದಶಕದಲ್ಲಿ, ಅಜ್ಜಿ ಹುಟ್ಟಿದ್ದೂ ಅದೇ ದಶಕದಲ್ಲಿ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಲ್ಲಿ ಹೊಸ ನೀರು ಬಂದ ರಾತ್ರಿ ಮೀನು ಎದುರು ನೀರಿಗೆ ಹತ್ತುತ್ತಿದ್ದವಂತೆ. ಪಕ್ಕೆ, ಗೆಂಡೆ, ಕೊರವ, ಹಾವುಮೀನು. ಹುಡುಗರು ಪಂಜು ಹಿಡಿದು, ಕುಕ್ಕೆ ಹಿಡಿದು ಹೋಗುತ್ತಿದ್ದರಂತೆ. ಬೇಸಿಗೆಯಲ್ಲಿ ಒಂದು ಕೆರೆ ಪೂರ್ತಿ ಒಣಗಿದರೂ ಮರುವರ್ಷ ಅದರಲ್ಲಿ ಮೀನು ಇರುತ್ತಿದ್ದುದು ಹೀಗೆ. ಸರಪಳಿಯ ಯಾವುದೋ ಒಂದು ಕೆರೆಯಲ್ಲಿ ಬೀಜ ಉಳಿದಿರುತ್ತಿತ್ತು, ಅದು ಕಾಲುವೆ ಹತ್ತಿ ಮಿಕ್ಕ ಕೆರೆಗಳಿಗೆ ಬರುತ್ತಿತ್ತು.

ಅಜ್ಜಿ ಮದುವೆಯಾಗಿ ಬೆಂಗಳೂರಿಗೆ ಬಂದಾಗ ಗಂಡನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ. ಈ ಸೈಟು ತೆಗೆದುಕೊಂಡು ಮೊದಲು ತೋಡಿಸಿದ್ದು ಬಾವಿ. ಆ ಬಾವಿಗೆ ಬಿಡಲೆಂದು ತವರಿನಿಂದ ಹಿತ್ತಾಳೆ ಕೊಡದಲ್ಲಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೀನು ತಂದರಂತೆ. "ಬೆರಳುದ್ದ ಇರ್ತಿತ್ತು. ನೆತ್ತಿ ಮೇಲೆ ಬೆಳ್ಳಿ ಬೊಟ್ಟು ಇಟ್ಟಂಗೆ ಹೊಳೀತಿತ್ತು. ಮೇಲ್ಗಡೇನೇ ಓಡಾಡ್ಕೊಂಡಿರ್ತಿತ್ತು." ನೆತ್ತಿಯ ಮೇಲಿನ ಆ ಬೊಟ್ಟನ್ನು ಹಿಡಿದುಕೊಂಡು ಪುಸ್ತಕಗಳಲ್ಲಿ ಹುಡುಕಿದೆ. ಅಪ್ಲೊಕೀಲಸ್ ಎಂಬ ಗುಂಪಿನ ಮೀನಿಗೆ ಈ ಗುರುತು ಹೊಂದುತ್ತದೆ. ದಕ್ಷಿಣ ಭಾರತದ ಕೆರೆ, ಗದ್ದೆ, ಹಳ್ಳಗಳಲ್ಲಿ ಸಾಮಾನ್ಯವಾಗಿದ್ದ ಮೀನು. ಮೇಲ್ಮುಖವಾದ ಬಾಯಿ, ನೀರಿನ ಮೇಲ್ಪದರದಲ್ಲೇ ಬೇಟೆ. ಸೊಳ್ಳೆಮರಿ ಉಸಿರಾಡಲು ಮೇಲೆ ಬಂದು ತೂಗುಬೀಳುವ ಜಾಗವೂ ಅದೇ.

ಮೀನು ಒಂದೇ ಈ ಕೆಲಸ ಮಾಡುತ್ತಿತ್ತು ಎಂದಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನ ತಳದಲ್ಲಿ, ಗಿಡಗಂಟೆಯ ನಡುವೆ ಹೊಂಚಿ ಸೊಳ್ಳೆಮರಿ ಹಿಡಿಯುತ್ತವೆ. ಬೆನ್ನ ಮೇಲೆ ಅಂಗಾತ ಈಜುವ ಒಂದು ಕೀಟ ನಡುನೀರಿನಲ್ಲಿ ಹಿಡಿಯುತ್ತದೆ. ಕಪ್ಪೆಯ ಗೊದಮೊಟ್ಟೆಗಳು ಸೊಳ್ಳೆಮರಿ ತಿನ್ನುವ ಪಾಚಿಯನ್ನೇ ತಿಂದು ಅವಕ್ಕೆ ಊಟ ಕಡಿಮೆ ಮಾಡುತ್ತವೆ. ಇವನ್ನೆಲ್ಲ ತಪ್ಪಿಸಿಕೊಂಡು ರೆಕ್ಕೆ ಬಲಿತು ಹಾರಿದ ಸೊಳ್ಳೆಗೆ ದೊಡ್ಡ ಏರೋಪ್ಲೇನ್ ಚಿಟ್ಟೆ, ಅಂಬರಗುಬ್ಬಿ, ಸಂಜೆಯ ಮೇಲೆ ಬಾವಲಿ, ಮನೆಗೆ ಬಂದರೆ ಹಲ್ಲಿ, ಜೇಡ. ಅಜ್ಜಿಯ ಯಜಮಾನರ ಗಿರಣಿಯಲ್ಲಿ ಮೂರು ಪಾಳಿ ಇತ್ತಂತೆ. ಒಬ್ಬ ಗೈರಾದರೆ ಬದಲಿಯವನು ಬಂದು ಮಗ್ಗ ನೋಡಿಕೊಳ್ಳುತ್ತಿದ್ದ. ಕೆರೆಯಲ್ಲೂ ಹಾಗೇ. ಒಂದು ವರ್ಷ ಮೀನು ಕಡಿಮೆಯಾದರೆ ಕೀಟ ಹೆಚ್ಚಿ ಕೆಲಸ ನಡೆಯುತ್ತಿತ್ತು. ಜೀವವೈವಿಧ್ಯ ಎಂದು ಈಗ ನಾವು ಕರೆಯುವುದರ ದಿನನಿತ್ಯದ ಉಪಯೋಗ ಇದೇ: ಒಂದೇ ಕೆಲಸಕ್ಕೆ ನಾಲ್ಕಾರು ಜನ ಇರುವುದು. ಒಬ್ಬೊಬ್ಬರೇ ಹೋಗುವಾಗ ಗೊತ್ತೇ ಆಗುವುದಿಲ್ಲ. ಕೊನೆಯವನು ಹೋದ ದಿನ ಮಗ್ಗ ನಿಲ್ಲುತ್ತದೆ.

ಹಾಗಾದರೆ ಕೆರೆಗಳಿದ್ದ ಕಾಲದಲ್ಲಿ ಸೊಳ್ಳೆ, ಜ್ವರ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ದೊಡ್ಡ ರೋಗವೇ ಆಗಿತ್ತು. 1920ರ ದಶಕದ ಕೊನೆಯಲ್ಲಿ ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮಲೇರಿಯಾ ಸಮೀಕ್ಷೆ ಆರಂಭಿಸಿತು. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯ ಸೀಮೆಗೆ ಹರಿದಾಗ ಅಲ್ಲಿ ಮಲೇರಿಯಾವೂ ಹೆಚ್ಚಿತು. ಜೌಗು, ಸೋರುವ ಕಾಲುವೆ, ಗದ್ದೆಯ ಅಂಚಿನಲ್ಲಿ ನಿಂತ ನೀರು ಎಲ್ಲವೂ ಸೊಳ್ಳೆಗೆ ಅನುಕೂಲ. ಹಳೆಯದೆಲ್ಲ ಸ್ವರ್ಗವಾಗಿತ್ತು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಕೆರೆಯ ಜೀವಿಗಳು ಸೊಳ್ಳೆಯನ್ನು ನಿರ್ಮೂಲ ಮಾಡುತ್ತಿರಲಿಲ್ಲ, ಅದಕ್ಕೊಂದು ಮಿತಿ ಹಾಕುತ್ತಿದ್ದವು. ಆ ಮಿತಿಗೆ ಬೆಲೆ ಎಷ್ಟು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ, ಏಕೆಂದರೆ ಅದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಕೆರೆಗಳು ಕೆಲಸವಿಲ್ಲದಂತಾದದ್ದು ನಲ್ಲಿ ಬಂದಾಗ. 1896ರ ಹೊತ್ತಿಗೆ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ಬೆಂಗಳೂರಿಗೆ ನೀರು ಬಂತು. ದೂರದ ನೀರು ಮನೆಗೆ ಬಂದಷ್ಟೂ ಹತ್ತಿರದ ಕೆರೆಯ ಬಗ್ಗೆ ಊರಿಗೆ ಕಾಳಜಿ ಕಡಿಮೆಯಾಯಿತು. ಹೂಳು ತೆಗೆಯುವವರಿಲ್ಲ, ತೂಬು ನೋಡುವ ನೀರುಗಂಟಿಗೆ ಕೆಲಸವಿಲ್ಲ. 1949ರಲ್ಲಿ ರಾಜಾಜಿನಗರಕ್ಕೆ ಶಂಕುಸ್ಥಾಪನೆಯಾಯಿತು. ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರನ್ನೇ ಅದಕ್ಕಿಟ್ಟರು. ಮುಂದಿನ ಮೂರು ದಶಕಗಳಲ್ಲಿ ಪಶ್ಚಿಮದ ಹಳ್ಳಿಗಳೆಲ್ಲ ಬಡಾವಣೆಗಳಾದವು. ಕೆರೆಯಂಗಳ ಎಂದರೆ ಸಮತಟ್ಟಾದ, ಸರ್ಕಾರದ ಕೈಯಲ್ಲಿರುವ ಜಾಗ. ಅದಕ್ಕಿಂತ ಸುಲಭದ ಸೈಟು ಎಲ್ಲಿ ಸಿಗುತ್ತದೆ?

ಇದಕ್ಕೆ ಕೊಟ್ಟ ಕಾರಣಗಳಲ್ಲಿ ಸೊಳ್ಳೆಯೂ ಒಂದು ಎಂಬುದು ಈ ಚರಿತ್ರೆಯ ವಿಪರ್ಯಾಸ. ಕೆರೆ ನಾರುತ್ತದೆ, ಸೊಳ್ಳೆ ಸಾಕುತ್ತದೆ ಎಂದು ಮಲೇರಿಯಾ ತಡೆಯುವ ಹೆಸರಿನಲ್ಲೂ ಊರಿನ ಕೆರೆಗಳನ್ನು ಬರಿದು ಮಾಡಲಾಯಿತು. 1985ರಲ್ಲಿ ಎನ್. ಲಕ್ಷ್ಮಣರಾವ್ ಸಮಿತಿ ನೇಮಕವಾಗಿ, ಇರುವ ಕೆರೆಗಳನ್ನು ಒಡೆಯಬೇಡಿ, ಕೊಳಚೆ ಬಿಡಬೇಡಿ ಎಂದು ಶಿಫಾರಸು ಮಾಡುವ ಹೊತ್ತಿಗೆ ನಮ್ಮ ಕಣಿವೆಯ ಸರಪಳಿ ಅಲ್ಲಲ್ಲಿ ತುಂಡಾಗಿತ್ತು. ಸರಪಳಿ ತುಂಡಾದರೆ ಉಳಿದ ಕೆರೆಗೂ ಕೇಡು. ಮೀನು ಎದುರು ನೀರಿಗೆ ಹತ್ತಿ ಬರಲು ದಾರಿ ಇಲ್ಲ, ಒಮ್ಮೆ ಸತ್ತರೆ ಸತ್ತಂತೆಯೇ.

ಕಾಲುವೆ ಮಾತ್ರ ಬರಿದಾಗಲಿಲ್ಲ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕ. ಹಿಂದೆ ಮಳೆಗಾಲದಲ್ಲಿ ಹರಿಯುತ್ತಿದ್ದ ವೃಷಭಾವತಿ ಈಗ ಹನ್ನೆರಡು ತಿಂಗಳೂ ಹರಿಯುವ ನದಿಯಾಯಿತು. ಕಾವೇರಿಯಿಂದ ಪಂಪು ಮಾಡಿ ತಂದದ್ದನ್ನು ವೃಷಭಾವತಿಯ ಮೂಲಕ ಕಾವೇರಿಗೇ ಹಿಂದಿರುಗಿಸುತ್ತಿದ್ದೇವೆ, ಈ ರೂಪದಲ್ಲಿ.

ಆ ನೀರಿನಲ್ಲಿ ಏನಾಗುತ್ತದೆ ಎಂದು ಸ್ವಲ್ಪ ನೋಡೋಣ, ಏಕೆಂದರೆ ನನ್ನ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಮೀನು ಕಿವಿರಿನಿಂದ ಉಸಿರಾಡುವುದು ಆ ಆಮ್ಲಜನಕವನ್ನೇ. ಅದಿಲ್ಲದೆ ಮೀನು ಸಾಯುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿ ಸಾಯುತ್ತದೆ. ಮೋರಿಗಳಲ್ಲಿ ಮರಿ ಮಾಡುವ ಕ್ಯೂಲೆಕ್ಸ್ ಸೊಳ್ಳೆಯ ಮರಿಗೆ ಬಾಲದ ಬಳಿ ಒಂದು ಕೊಳವೆ ಇದೆ. ಅದನ್ನು ನೀರಿನ ಮೇಲೆ ಚಾಚಿ ಅದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ನೀರು ಎಷ್ಟು ಕೆಟ್ಟರೂ ಅದಕ್ಕೆ ಚಿಂತೆ ಇಲ್ಲ. ಕೊಳಚೆ ಅದಕ್ಕೆ ಆಹಾರ, ಶತ್ರುಗಳೆಲ್ಲ ಸತ್ತಿದ್ದಾರೆ. ನಾವು ಸೊಳ್ಳೆಯನ್ನು ಕೊಲ್ಲದೆ, ಸೊಳ್ಳೆಯನ್ನು ತಿನ್ನುವವರನ್ನು ಮಾತ್ರ ಹುಡುಕಿ ಹುಡುಕಿ ಕೊಲ್ಲುವ ಔಷಧಿಯೊಂದನ್ನು ಕಂಡುಹಿಡಿದಿದ್ದರೆ ಅದು ಹೀಗೇ ಇರುತ್ತಿತ್ತು.

ಡೆಂಗಿ ತರುವ ಈಡಿಸ್ ಸೊಳ್ಳೆಯ ದಾರಿ ಬೇರೆ. ಅದಕ್ಕೆ ಮೋರಿ ಬೇಡ, ಶುದ್ಧ ನೀರೇ ಬೇಕು. ಆಫ್ರಿಕಾ ಮೂಲದ ಈ ಸೊಳ್ಳೆ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಪ್ರಪಂಚ ಸುತ್ತಿದ್ದು. ಅದರ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರಬಲ್ಲದು. ಬಾವಿ ಮುಚ್ಚಿ, ಕೆರೆ ಮುಚ್ಚಿ, ನೆಲಕ್ಕೆ ನೀರು ಇಂಗದಂತೆ ಕಾಂಕ್ರೀಟು ಹಾಕಿ, ಬೋರ್‌ವೆಲ್ ಬತ್ತಿದ ಮೇಲೆ ನಾವು ಅದಕ್ಕಾಗಿ ಮನೆಮನೆಯಲ್ಲೂ ಮತ್ತೆ ಪೀಪಾಯಿ ಇಟ್ಟೆವು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮೋರಿಯ ಸೊಳ್ಳೆ, ಡ್ರಮ್ಮಿನ ಸೊಳ್ಳೆ ಎರಡೂ ಒಂದೇ ಕೆರೆಯ ಸಾವಿನಿಂದ ಹುಟ್ಟಿದವು.

ಮೀನಿನ ಕೆಲಸಕ್ಕೆ ಮೀನನ್ನೇ ತರುವ ಪ್ರಯತ್ನವೂ ನಡೆದಿದೆ, ಆದರೆ ನಮ್ಮ ಮೀನನ್ನಲ್ಲ. ಅಮೆರಿಕದ ದಕ್ಷಿಣ ಭಾಗದ ಗ್ಯಾಂಬೂಸಿಯಾ ಎಂಬ ಸಣ್ಣ ಮೀನನ್ನು ಸೊಳ್ಳೆ ನಿಯಂತ್ರಣಕ್ಕಾಗಿ 1905ರಲ್ಲಿ ಹವಾಯಿ ದ್ವೀಪಕ್ಕೆ, 1921ರಲ್ಲಿ ಸ್ಪೇನಿಗೆ, ಅಲ್ಲಿಂದ ಇಟಲಿಗೆ ಒಯ್ದರು. 1928ರಲ್ಲಿ ಡಾ. ಬಿ.ಎ. ರಾವ್ ಅದನ್ನು ಇಟಲಿಯಿಂದ ಭಾರತಕ್ಕೆ ತಂದರು. ದಕ್ಷಿಣ ಅಮೆರಿಕದ ಗಪ್ಪಿ ಅದಕ್ಕೂ ಮೊದಲೇ, 1910ರ ಸುಮಾರಿಗೆ ಬಂದಿತ್ತು. ಜನರ ಜೀವ ಉಳಿಸಬೇಕೆಂದು ಮಾಡಿದ ಕೆಲಸ ಅದು, ನಾನು ಅದನ್ನು ಹಗುರಾಗಿ ಕಾಣಲಾರೆ. ಬಾವಿ, ತೊಟ್ಟಿಗಳಲ್ಲಿ ಈ ಮೀನುಗಳು ಉಪಯೋಗಕ್ಕೆ ಬಂದದ್ದೂ ನಿಜ. ಕರ್ನಾಟಕದ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ಇಳಿಸಿದ ಅನುಭವ ನಮ್ಮ ಮುಂದಿದೆ.

ತೊಂದರೆ ಆದದ್ದು ಗ್ಯಾಂಬೂಸಿಯಾವನ್ನು ಕೆರೆ, ಕುಂಟೆ, ಹಳ್ಳಗಳಿಗೂ ಬಿಟ್ಟಾಗ. ಅದು ಸೊಳ್ಳೆಮರಿಯನ್ನಷ್ಟೇ ತಿನ್ನುವ ವ್ರತ ಹಿಡಿದ ಮೀನಲ್ಲ. ಬೇರೆ ಮೀನುಗಳ ಮೊಟ್ಟೆ, ಮರಿ, ಗೊದಮೊಟ್ಟೆ, ಪಾಚಿ ತಿನ್ನುವ ಸೂಕ್ಷ್ಮಜೀವಿ ಎಲ್ಲವನ್ನೂ ತಿನ್ನುತ್ತದೆ. ಎಂದರೆ ಸೊಳ್ಳೆಯನ್ನು ಹದ್ದಿನಲ್ಲಿಡುತ್ತಿದ್ದ ಹಳೆಯ ಪಾಳಿಯವರನ್ನೇ ತಿನ್ನುತ್ತದೆ. 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡುವುದನ್ನು ನಿಲ್ಲಿಸಿತು. ಜಗತ್ತಿನ ಅತಿ ಕೆಟ್ಟ ನೂರು ಅನ್ಯದೇಶಿ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ಇನ್ನೊಂದು ಬದಲಿ ಡಿಡಿಟಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಯಿತು. 1965ರಲ್ಲಿ ಇಡೀ ದೇಶದ ಪ್ರಕರಣಗಳು ಒಂದು ಲಕ್ಷಕ್ಕೆ ಇಳಿದವು. ಲಕ್ಷಾಂತರ ಜೀವ ಉಳಿದವು. ಆದರೆ ಸೊಳ್ಳೆ ವಿಷಕ್ಕೆ ಒಗ್ಗಿಕೊಂಡಿತು, ಕಾರ್ಯಕ್ರಮವೂ ಸಡಿಲವಾಯಿತು, 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು. ವಿಷಕ್ಕೆ ಸೊಳ್ಳೆ ಕೆಲವೇ ವರ್ಷಗಳಲ್ಲಿ ಒಗ್ಗಿಕೊಂಡೀತು. ತನ್ನನ್ನು ನುಂಗುವ ಮೀನಿಗೆ ಹಾಗೆ ಒಗ್ಗಿಕೊಳ್ಳುವುದು ಸುಲಭವಲ್ಲ.

ಒಂದು ಜೀವಿ ಹೋದರೆ ಅದು ಮಾಡುತ್ತಿದ್ದ ಕೆಲಸದ ಬಿಲ್ಲು ಯಾರಿಗೆ ಬರುತ್ತದೆ ಎಂಬುದಕ್ಕೆ ನಮ್ಮ ನದಿ ಹೋಗುವ ದಿಕ್ಕಿನಲ್ಲೇ ಇನ್ನೊಂದು ಸಾಕ್ಷಿ ಇದೆ. 'ಶೋಲೆ' ಚಿತ್ರೀಕರಣವಾದ ರಾಮನಗರದ ರಾಮದೇವರ ಬೆಟ್ಟ. ಅದನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಈಗ ಅಲ್ಲಿ ಹದ್ದು ಕಾಣುವುದೇ ಅಪರೂಪ. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿ, ಸತ್ತ ದನದ ಮಾಂಸದ ಮೂಲಕ 1990ರ ದಶಕದಲ್ಲಿ ದೇಶದ ರಣಹದ್ದುಗಳನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಹೆಣಗಳು ಊರ ಹೊರಗೆ ಕೊಳೆತವು, ನಾಯಿಗಳು ಹೆಚ್ಚಿದವು, ನೀರು ಕೆಟ್ಟಿತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 2000ದಿಂದ 2005ರ ನಡುವೆ ಇದರಿಂದ ಸತ್ತ ಜನ ಸುಮಾರು 5 ಲಕ್ಷ. ರಣಹದ್ದಿನ ಕೆಲಸ ಇಷ್ಟು ದೊಡ್ಡದು ಎಂದು ಅದು ಇದ್ದಾಗ ಯಾರಿಗೂ ಹೊಳೆದಿರಲಿಲ್ಲ.

ಚರಿತ್ರೆಯ ವಿದ್ಯಾರ್ಥಿನಿಯಾಗಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ನಷ್ಟ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ ಮೈಸೂರಿನ ಮೀನುಗಳ ಮೇಲೆ, ಕಪ್ಪೆಗಳ ಮೇಲೆ ಕೆಲಸ ಮಾಡಿದವರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ಹಲವು ಹೊಸ ಕಪ್ಪೆಗಳನ್ನು ವಿವರಿಸಿದರು. ಯಾವ ಕಪ್ಪೆಗೆ ಯಾವ ಹೆಸರು ಎಂದು ಮುಂದಿನವರು ತಾಳೆ ನೋಡಬೇಕಾದರೆ ಅವರು ಇಟ್ಟ ಮೂಲ ಮಾದರಿಗಳು ಬೇಕು. ಕಾಲೇಜಿನಲ್ಲಿದ್ದ ಆ ಮಾದರಿಗಳು ಕಳೆದುಹೋದವು. ಕೆರೆಯಿಂದ ಜೀವಿ ಹೋದಂತೆ ಗಾಜಿನ ಸೀಸೆಯಿಂದಲೂ ಹೋಯಿತು. ಬೆಂಗಳೂರಿನ ಹೆಸರನ್ನೇ ಹೊತ್ತ ಒಂದು ಬಿಲಗಪ್ಪೆ, ಸ್ಫೆರೊಥೀಕಾ ಬೆಂಗಳೂರು, ವಿಜ್ಞಾನಕ್ಕೆ ಗೊತ್ತಾದದ್ದು 2020ರಲ್ಲಿ, ನಗರದ ಹೊರವಲಯದ ಬಯಲೊಂದರಲ್ಲಿ. ಹೆಸರಿಡುವ ಮೊದಲೇ ಮಾರೇನಹಳ್ಳಿ ಕೆರೆಯೊಂದಿಗೆ ಎಷ್ಟು ಹೋದವೋ. ನನ್ನ ಪ್ರಬಂಧದ ಅಧ್ಯಾಯವೊಂದರಲ್ಲಿ ಈಗ ಕೆರೆಯ ಮೀನುಗಳಿಗೆ ಜಾಗ ಮಾಡಿದ್ದೇನೆ. ಅದರ ಆಧಾರಗಳಲ್ಲಿ ಹೆಚ್ಚಿನವು ಕಾಗದವಲ್ಲ, ಅಜ್ಜಿಯಂಥವರ ನೆನಪು.

ಪುಟ್ಟಿ ಒಂಬತ್ತನೇ ದಿನ ಮನೆಗೆ ಬಂದಳು. ಕೂದಲು ಉದುರಿ, ತಿಂಗಳುಗಟ್ಟಲೆ ಸುಸ್ತಾಗಿದ್ದು, ಆಮೇಲೆ ಎಲ್ಲ ಸರಿಯಾಯಿತು.

ಡಿಸೆಂಬರಿನಲ್ಲಿ ಅಜ್ಜಿಯ ತಮ್ಮನ ಮನೆಯಲ್ಲಿ ಒಂದು ಕಾರ್ಯ ಇತ್ತು, ನನ್ನನ್ನೂ ಕರೆದುಕೊಂಡು ಹೋದರು. ಬೈರಮಂಗಲ ಕೆರೆಯ ಏರಿಯ ಮೇಲೆ ಆಟೋ ನಿಲ್ಲಿಸಿಸಿದರು. ನೀರು ಬಹಳ ಇತ್ತು. ಕಪ್ಪಗಿತ್ತು, ಅಂಚಿನಲ್ಲಿ ನೊರೆ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೈ ತೋರಿಸಿದರು: ಅಲ್ಲಿ ಹಳ್ಳದ ಮರಳಿನಲ್ಲಿ ಒರತೆ ತೋಡಿ ಕುಡಿಯುವ ನೀರು ತರುತ್ತಿದ್ದೆವು, ಅಲ್ಲಿ ಮೀನು ಹತ್ತುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಮ್ಮ, ನಮ್ಮನೆ ಹಿಂದಿನ ಮೋರಿ ನೀರು ಇಲ್ಲಿಗೇ ಬರದು. ಐವತ್ತು ವರ್ಷ ಪಾತ್ರೆ ತೊಳೆದು, ಬಟ್ಟೆ ಒಗೆದು, ಎಲ್ಲ ನಮ್ಮಪ್ಪನ ಗದ್ದೆಗೇ ಕಳ್ಸಿದೀನಿ. ನಾನು ಇಲ್ಲಿಂದ ಮೀನು ಒಯ್ದಿದ್ದೆ" ಎಂದರು.

ಸಂಜೆ ಐದಕ್ಕೆಲ್ಲ ಅಜ್ಜಿಯ ತಮ್ಮನ ಸೊಸೆ ಬಾಗಿಲು, ಕಿಟಕಿ ಹಾಕಿ, ಅಂಗಳದಲ್ಲಿ ಹೊಗೆ ಹಾಕಿದಳು. ಹಸುಗಳಿಗೂ ಕೊಟ್ಟಿಗೆಯಲ್ಲಿ ಸೊಳ್ಳೆಪರದೆ ಕಟ್ಟಿದ್ದರು. ಊರಿನವರಿಗೆ ಇದು ಹೊಸದೇನಲ್ಲ, ಹೊಸಬಳು ನಾನೊಬ್ಬಳೇ.

ಗೋವಿಂದರಾಜನಗರದಲ್ಲಿ ಆ ಹಳೆಯ ಬಾವಿ ಇದ್ದ ಜಾಗದಲ್ಲಿ ಈಗ ಸ್ಕೂಟರ್ ನಿಲ್ಲಿಸುತ್ತೇವೆ. ಡ್ರಮ್ ಇನ್ನೂ ಇದೆ, ನೀರಿನ ತೊಂದರೆ ಮುಗಿದಿಲ್ಲ. ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕುತ್ತೇನೆ. ಪ್ರತಿ ಭಾನುವಾರ ಖಾಲಿ ಮಾಡಿ, ಒಳಗಿನ ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜುತ್ತೇನೆ, ಅಂಟಿರುವ ಮೊಟ್ಟೆ ಹೋಗಲೆಂದು. ಟಾರ್ಚ್ ಹಿಡಿಯುವ ಕೆಲಸ ಪುಟ್ಟಿಯದು. ಮೊನ್ನೆ ಉಜ್ಜುತ್ತಿರುವಾಗ, ಅಜ್ಜಿ ಹೇಳುವ ಆ ಬೊಟ್ಟಿನ ಮೀನು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಅಂಗಡಿಯಲ್ಲಿ ಗಪ್ಪಿ ಸಿಗುತ್ತದೆ, ಇದು ಸಿಗುವುದಿಲ್ಲ ಎಂದೆ. "ಹಾಗಾದ್ರೆ ಅದು ಎಲ್ಲಿಗೆ ಹೋಯ್ತು?" ಎಂದಳು. ಅಜ್ಜಿ ಒಳಗಿನಿಂದ, "ಮೊದ್ಲು ಡ್ರಮ್ ಸರಿಯಾಗಿ ಉಜ್ಜಿ" ಎಂದರು.